ಲೈಬ್ರರಿಯನ್ನರ ಯೂನಿಯನ್

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಕರಿಗೂ ಲೈಬ್ರರಿಯನ್ನರಿಗೂ ಒಂದೇ ಯೂನಿಯನ್, ಯುಸಿ-ಎಎಫ್‌ಟಿ. 2018ರಲ್ಲಿ ಲೈಬ್ರರಿಯನ್ನರು ಸಂಬಳದ ಜೊತೆಗೆ ಅಕಾಡೆಮಿಕ್ ಸ್ವಾತಂತ್ರ್ಯವನ್ನೂ, ಅಂದರೆ ತಮ್ಮ ಕೆಲಸದ ವಿಷಯದಲ್ಲಿ ಹೆದರದೆ ಮಾತಾಡುವ, ತೀರ್ಮಾನಿಸುವ ಹಕ್ಕನ್ನೂ, ಒಪ್ಪಂದದಲ್ಲಿ ಸೇರಿಸಿ ಅಂತ ಪಟ್ಟು ಹಿಡಿದಿದ್ದರು. ಅದು ನಿಮಗೆ ಅನ್ವಯಿಸಲ್ಲ ಅಂದಿತು ಆಡಳಿತ. ಯಾವ ಪುಸ್ತಕ ತರಿಸಬೇಕು, ಯಾವುದನ್ನು ಕಪಾಟಿನಿಂದ ತೆಗೆಯಬೇಕು ಅಂತ ತೀರ್ಮಾನಿಸುವವರಿಗೇ ಸ್ವಾತಂತ್ರ್ಯ ಬೇಡವಂತೆ! 2019ರ ಒಪ್ಪಂದದಲ್ಲಿ ಅಂತೂ ಬರೆಸಿಕೊಂಡರು. ಸಂಬಳಕ್ಕಿಂತ ಇದೇ ದೊಡ್ಡ ಗೆಲುವು ಅನ್ನಿಸುತ್ತೆ ನನಗೆ.

ಇಲ್ಲಿ ಯುಜಿಸಿ ವೇತನಶ್ರೇಣಿಯಲ್ಲಿ ಕಾಲೇಜು ಲೈಬ್ರರಿಯನ್ನರೂ ಸಹಾಯಕ ಪ್ರಾಧ್ಯಾಪಕರೂ ಸರಿಸಮ. ಕಾಗದದ ಮೇಲೆ. ಸ್ಟಾಫ್ ಮೀಟಿಂಗಲ್ಲಿ ಮಾತ್ರ ಅವರ ಅಭಿಪ್ರಾಯ ಕೇಳಿದ್ದನ್ನು ನಾನಂತೂ ಅಷ್ಟಾಗಿ ಕಂಡಿಲ್ಲ. ಹಾಲ್ ಟಿಕೆಟ್ ಕೊಡೋ ವಾರ ಬಂತೆಂದರೆ ಪುಸ್ತಕ ಬಾಕಿ ಇಲ್ಲ ಅನ್ನುವ ನೋ ಡ್ಯೂ ಸಹಿಗೆ ಎಲ್ಲರಿಗೂ ಅವರ ನೆನಪು, 'ಸಾರ್, ಸ್ವಲ್ಪ ಬೇಗ' ಅಂತ.