9.8 ಬೇರೆ, 9.80 ಬೇರೆ

ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕಗಳಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಮತ್ತು ಆಕ್ಸಾಲಿಕ್ ಆಮ್ಲದ ಟೈಟ್ರೇಷನ್ (ಸಾಂದ್ರತೆ ಗೊತ್ತಿರುವ ದ್ರಾವಣದಿಂದ ಇನ್ನೊಂದರ ಸಾಂದ್ರತೆ ಕಂಡುಹಿಡಿಯುವ ಪ್ರಯೋಗ) ಪುಟ ತೆರೆದರೆ, ಉತ್ತರದ ಜಾಗದಲ್ಲಿ 0.02040816 ಮೋಲಾರ್ (ಲೀಟರಿಗೆ ಇಷ್ಟು ಮೋಲ್) ಎಂಬಂಥ ಸಂಖ್ಯೆ ಕಾಣುವುದುಂಟು. ಏಳು ಸಾರ್ಥಕ ಅಂಕಿ, ಅಂದರೆ ಅಳತೆಯಿಂದಲೇ ಬಂದವೆಂದು ಹೇಳಿಕೊಳ್ಳುವ ಅಂಕಿ! ಕಾಲೇಜು ಲ್ಯಾಬಿನ ಬ್ಯೂರೆಟ್ಟಿನಿಂದ (ದ್ರಾವಣವನ್ನು ಹನಿಹನಿಯಾಗಿ ಬಿಡುವ, ಗೆರೆ ಹಾಕಿದ ಕೊಳವೆ) ಮೂರು ಬಂದರೆ ಹೆಚ್ಚು. ಉಳಿದ ನಾಲ್ಕು ಫೋನಿನ ಕ್ಯಾಲ್ಕ್ಯುಲೇಟರ್ ಸೇರಿಸಿದವು. ನಾಲ್ಕಂಕಿಯ ಲಾಗ್ ಟೇಬಲ್ ನೋಡಿ ಲೆಕ್ಕ ಮಾಡುವವರಲ್ಲಿ ಈ ಚಪಲ ಕಡಿಮೆ.

ತೂಕದಿಂದಲೇ ಶುರು ಮಾಡೋಣ. 0.05 ಮೋಲಾರ್ ಆಕ್ಸಾಲಿಕ್ ಆಮ್ಲ 250 ಮಿ.ಲೀ. ಬೇಕು. ಬಾಟಲಿಯಲ್ಲಿರುವುದು ಎರಡು ನೀರಿನ ಅಣು ಸೇರಿದ ಹರಳು. ಅದರ ಮೋಲಾರ್ ರಾಶಿ 126.07. ನೀರು ಬಿಟ್ಟು 90 ಎಂದು ಹಿಡಿದರೆ ಲೆಕ್ಕ ಅಲ್ಲೇ ಕೆಟ್ಟಿತು. 126.07 × 0.05 × 0.250, ಅಂದರೆ 1.576 ಗ್ರಾಂ. ಮೂರು ದಶಮಾಂಶ ತೋರಿಸುವ ತಕ್ಕಡಿಯಲ್ಲಿ ತೂಗಿ, 250 ಮಿ.ಲೀ. ವಾಲ್ಯುಮೆಟ್ರಿಕ್ ಫ್ಲಾಸ್ಕಿನಲ್ಲಿ ಗುರುತಿನವರೆಗೆ ನೀರು ತುಂಬಿದರೆ 0.05000 ಮೋಲಾರ್ ಎಂದು ಧೈರ್ಯವಾಗಿ ಬರೆಯಬಹುದು. ಇದೇ ಕೆಲಸವನ್ನು ಬೀಕರಿನಲ್ಲಿ ಮಾಡಿದರೆ ಆ ಸೊನ್ನೆಗಳಿಗೆ ಬೆಲೆಯಿಲ್ಲ; ಬೀಕರಿನ ಗೆರೆಗಳು ಅಂದಾಜಿಗೆ ಮಾತ್ರ.

ನಿಜವಾದ ಇಕ್ಕಟ್ಟು ಬ್ಯೂರೆಟ್ಟಿನಲ್ಲಿದೆ. 50 ಮಿ.ಲೀ. ಬ್ಯೂರೆಟ್ಟಿನಲ್ಲಿ ಚಿಕ್ಕ ಗೆರೆ 0.1 ಮಿ.ಲೀ. ಎರಡು ಗೆರೆಗಳ ನಡುವೆ ಕಣ್ಣಳತೆಯಲ್ಲಿ 0.05ರವರೆಗೆ ಓದಬಹುದು, ಓದಲೇಬೇಕು. 10 ಮಿ.ಲೀ. ಆಕ್ಸಾಲಿಕ್ ಆಮ್ಲಕ್ಕೆ ಹಿಡಿದ ಪರ್ಮಾಂಗನೇಟನ್ನು ಓದುವಾಗ ಮಟ್ಟ ಸರಿಯಾಗಿ 9.8ರ ಗೆರೆಯ ಮೇಲಿದ್ದರೆ 9.80 ಎಂದು ಬರೆಯಿರಿ. ಆ ಕೊನೆಯ ಸೊನ್ನೆ ನೀವು ನೋಡಿ ಪಡೆದ ಅಂಕಿ. 9.8 ಎಂದಷ್ಟೇ ಬರೆದರೆ ಉತ್ತರ 0.020ಕ್ಕೆ ನಿಂತುಬಿಡುತ್ತದೆ; 9.80 ಎಂದರೆ 0.0204.

ಪರ್ಮಾಂಗನೇಟಿನ ಬಣ್ಣ ಗಾಢವಾದ್ದರಿಂದ ದ್ರವದ ಬಾಗಿದ ಮೇಲ್ಮೈಯ ತಗ್ಗಿನ ತಳ ಕಾಣುವುದಿಲ್ಲ, ಹಾಗಾಗಿ ದ್ರವದ ಮೇಲಂಚನ್ನು ಓದಬೇಕು. ಮೊದಲ ರೀಡಿಂಗ್ ಮೇಲಂಚಿನಲ್ಲಿ ತೆಗೆದುಕೊಂಡರೆ ಕೊನೆಯದೂ ಅಲ್ಲೇ. ಕಣ್ಣು ಅದೇ ಮಟ್ಟದಲ್ಲಿರಲಿ. ದ್ರಾವಣ ತುಂಬಿದ ಮೇಲೆ ಫನೆಲ್ ತೆಗೆದಿಡಿ, ಇಲ್ಲದಿದ್ದರೆ ನಡುವೆ ಒಂದು ಹನಿ ಜಾರಿ ಬಿದ್ದು ರೀಡಿಂಗ್ ಕಡಿಮೆ ತೋರಿಸುತ್ತದೆ. ತುದಿಯಲ್ಲಿ ಗಾಳಿಗುಳ್ಳೆ ಉಳಿದಿದ್ದು ನಡುವೆ ಹೊರಬಿದ್ದರೆ ರೀಡಿಂಗ್ ಹೆಚ್ಚಾಗುತ್ತದೆ. ಬ್ಯೂರೆಟ್ಟನ್ನು ಪರ್ಮಾಂಗನೇಟಿನಿಂದ, ಪಿಪೆಟ್ಟನ್ನು (ಗೊತ್ತಾದ ಗಾತ್ರದ ದ್ರವ ಎಳೆದು ಬಿಡುವ ಕೊಳವೆ) ಆಕ್ಸಾಲಿಕ್ ಆಮ್ಲದಿಂದ ತೊಳೆದುಕೊಳ್ಳಬೇಕು. ಕೋನಿಕಲ್ ಫ್ಲಾಸ್ಕಿಗೆ ಬರೀ ನೀರು ಸಾಕು. ಪಿಪೆಟ್ಟಿನ ತುದಿಯಲ್ಲಿ ಉಳಿಯುವ ಹನಿಯನ್ನು ಊದಬೇಡಿ. ಅದನ್ನು ಬಿಟ್ಟೇ ಗುರುತು ಹಾಕಿರುತ್ತಾರೆ.

ಒಂದು ಹನಿ ಸುಮಾರು 0.05 ಮಿ.ಲೀ. ಹಾಗಾಗಿ ಗುಲಾಬಿ ಬಣ್ಣ ಮಾಯವಾಗದೆ ಉಳಿಯುವ, ಅಂದರೆ ಟೈಟ್ರೇಷನ್ ಮುಗಿಯುವ ಕ್ಷಣವನ್ನು ಒಂದು ಹನಿಗಿಂತ ಸೂಕ್ಷ್ಮವಾಗಿ ಹಿಡಿಯುವುದು ಕಷ್ಟ. 9.80ರಲ್ಲಿ 0.05 ಅಂದರೆ ಶೇ. 0.5, 0.0204ರಲ್ಲಿ ಶೇ. 0.5 ಅಂದರೆ 0.0001. ಮೂರನೆಯ ಅಂಕಿಯೇ ಅನುಮಾನದ್ದು, ನಾಲ್ಕನೆಯದರ ಮಾತೇ ಬೇಡ. 10ರ ಬದಲು 20 ಮಿ.ಲೀ. ಪಿಪೆಟ್ ಬಳಸಿದರೆ ಈ ದೋಷ ಅರ್ಧಕ್ಕಿಳಿಯುತ್ತದೆ.

ಈಗ ಲೆಕ್ಕ. ಎರಡು ಮೋಲ್ ಪರ್ಮಾಂಗನೇಟಿಗೆ ಐದು ಮೋಲ್ ಆಕ್ಸಾಲಿಕ್ ಆಮ್ಲ. (2 × 0.05000 × 10.0) ÷ (5 × 9.80). ಇಲ್ಲಿನ 2 ಮತ್ತು 5 ಎಣಿಸಿ ಬಂದವು, ಅಳೆದವಲ್ಲ. ‘ಒಂದೇ ಅಂಕಿ ಇದೆ, ಉತ್ತರಕ್ಕೂ ಒಂದೇ ಅಂಕಿ’ ಎನ್ನುವ ತಪ್ಪು ಇವುಗಳ ಮೇಲೆಯೇ ಆಗುವುದು. ಉತ್ತರ 0.0204 ಮೋಲಾರ್.

ಇದನ್ನು ಲೀಟರಿಗೆ ಗ್ರಾಂ ಲೆಕ್ಕಕ್ಕೆ ತರುವಾಗ ಇನ್ನೊಂದು ಬಲೆ. ಪರ್ಮಾಂಗನೇಟಿನ ಮೋಲಾರ್ ರಾಶಿ 158.03. 0.0204 × 158.03 ಮಾಡಿದರೆ 3.22. ಕ್ಯಾಲ್ಕ್ಯುಲೇಟರಿನಲ್ಲಿದ್ದ 0.020408163 ಅನ್ನೇ ಮುಂದುವರಿಸಿದರೆ 3.2251, ಅಂದರೆ 3.23. ಎರಡನೆಯದೇ ಸರಿ. ನಡುವಿನ ಹಂತದಲ್ಲಿ ಅಂಕಿ ಕತ್ತರಿಸಬಾರದು. ಕನಿಷ್ಠ ಒಂದೆರಡು ಅಂಕಿ ಹೆಚ್ಚಿಟ್ಟುಕೊಂಡು ಸಾಗಿ, ದುಂಡಾಗಿಸುವುದು ಕೊನೆಗೆ ಒಮ್ಮೆ.

ಮಾನಗಳ ಬದಲಾವಣೆಯಲ್ಲಿ ಬಹಳ ಮಂದಿ ಎಡವುವುದು ಘನಮಾನದಲ್ಲಿ. ಒಂದು ಮೀಟರಿಗೆ 100 ಸೆಂಟಿಮೀಟರ್ ಎಂದು 10.0 ಘನ ಸೆಂ.ಮೀ.ಯನ್ನು ನೂರರಿಂದ ಭಾಗಿಸಿ 0.1 ಘನ ಮೀಟರ್ ಎಂದು ಬರೆದುಬಿಡುತ್ತಾರೆ. ಅಷ್ಟೆಂದರೆ 100 ಲೀಟರ್! ನೂರನ್ನೂ ಘನ ಮಾಡಬೇಕು: 1.00 × 10⁻⁵ ಘನ ಮೀಟರ್. ಮಿಲಿಲೀಟರ್ ಮತ್ತು ಘನ ಸೆಂಟಿಮೀಟರ್ ಒಂದೇ, ಅದರಲ್ಲಿ ಗೊಂದಲ ಬೇಡ. (1964ಕ್ಕೆ ಮೊದಲು ಲೀಟರನ್ನು ಒಂದು ಕಿಲೋ ನೀರಿನ ಗಾತ್ರದಿಂದ ನಿರೂಪಿಸಿದ್ದರಿಂದ ಕೂದಲೆಳೆಯಷ್ಟು ವ್ಯತ್ಯಾಸವಿತ್ತು.)

ಅನಿಲಗಳ ಲೆಕ್ಕದಲ್ಲಿ ಅನಿಲ ಸ್ಥಿರಾಂಕಕ್ಕೂ (R) ಮಾನಗಳಿಗೂ ಜೋಡಿ ತಪ್ಪಬಾರದು. 8.314 ಹಾಕಿದರೆ ಪ್ಯಾಸ್ಕಲ್ ಮತ್ತು ಘನ ಮೀಟರ್, 0.0821 ಹಾಕಿದರೆ ಅಟ್ಮಾಸ್ಫಿಯರ್ ಮತ್ತು ಲೀಟರ್. ಹಾಗೆಯೇ 0 ಡಿಗ್ರಿಯಲ್ಲಿ ಒಂದು ಮೋಲ್ ಆದರ್ಶ ಅನಿಲಕ್ಕೆ 22.4 ಲೀಟರ್ ಎನ್ನುವುದು ಒಂದು ಅಟ್ಮಾಸ್ಫಿಯರ್ ಒತ್ತಡದ್ದು. ಒತ್ತಡ ಒಂದು ಬಾರ್ ಆದರೆ 22.7. ಪ್ರಶ್ನೆಯಲ್ಲಿ ಯಾವುದು ಕೊಟ್ಟಿದ್ದಾರೆ ಎಂದು ನೋಡಿಯೇ ಸಂಖ್ಯೆ ಹಾಕಿ.

ಪಿಎಚ್‌ಗೆ (ಆಮ್ಲೀಯತೆಯ ಲಾಗರಿದಮ್ ಅಳತೆ) ಸಾರ್ಥಕ ಅಂಕಿಯ ನಿಯಮ ಸ್ವಲ್ಪ ಬೇರೆ. ಲಾಗರಿದಮ್‌ನಲ್ಲಿ ದಶಮಾಂಶ ಚುಕ್ಕೆಯ ಹಿಂದಿನ ಅಂಕಿ ಬರೀ ಹತ್ತರ ಘಾತವನ್ನು ಸೂಚಿಸುವುದರಿಂದ, ಮುಂದಿನವನ್ನಷ್ಟೇ ಎಣಿಸಬೇಕು. ಹೈಡ್ರೋಜನ್ ಅಯಾನಿನ ಸಾಂದ್ರತೆ 2.5 × 10⁻³ ಮೋಲಾರ್ ಇದ್ದರೆ ಪಿಎಚ್ 2.60. ಇದನ್ನು 2.6 ಎಂದು ಬರೆದರೆ ಒಂದು ಅಂಕಿ ಕಳೆದುಕೊಂಡಂತೆ, 2.602 ಎಂದರೆ ಇಲ್ಲದ ಒಂದನ್ನು ಸೇರಿಸಿದಂತೆ.