ಬಾವುಟಗುಡ್ಡೆಯ ಚಾಪೆಲ್‌ನಲ್ಲಿ ಕತ್ತೆತ್ತಿ ನೋಡುತ್ತಾ

ಮಂಗಳೂರಿನ ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ನಡೆದೇ ಹೋಗಬಹುದು. ದೂರ ಕಡಿಮೆ, ಏರು ಸ್ವಲ್ಪ ಜಾಸ್ತಿ. ಇಟಲಿಯ ಜೆಸ್ವಿಟ್ ಪಾದ್ರಿಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರು ಮಾಡಿದರು. ಅದೇ ದಶಕದಲ್ಲಿ ಕಾಲೇಜಿನ ಚಾಪೆಲ್, ಅಂದರೆ ಪ್ರಾರ್ಥನಾ ಮಂದಿರ ಕೂಡ ಎದ್ದಿತು. ಹೊರಗೆ ನಿಂತು ನೋಡಿದರೆ ಒಳಗೆ ಏನಿದೆ ಎಂಬ ಸುಳಿವೇ ಸಿಗುವುದಿಲ್ಲ.

ಒಳಗೆ ಹೋದರೆ ಗೋಡೆ, ಕಮಾನು, ಚಾವಣಿ ಎಲ್ಲಾ ಕಡೆ ಚಿತ್ರ. ಬರಿದಾದ ಜಾಗ ಹುಡುಕಬೇಕು. ಇದನ್ನೆಲ್ಲ ಬರೆದವರು ಬ್ರದರ್ ಆಂಟೋನಿಯೊ ಮೊಸ್ಕೇನಿ. ಇಟಲಿಯ ಬೆರ್ಗಾಮೊ ಪಕ್ಕದ ಸ್ಟೆಝಾನೊ ಊರಿನವರು, 1854ರಲ್ಲಿ ಹುಟ್ಟಿದವರು. ಬೆರ್ಗಾಮೊದಲ್ಲೇ ಚಿತ್ರಕಲೆ ಕಲಿತು, ಆಮೇಲೆ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸನ್ಯಾಸಿಗಳ ಸಭೆ ಸೇರಿದರು. ಇಲ್ಲಿ 1899ರ ಹೊತ್ತಿಗೆ ಕುಂಚ ಹಿಡಿದು ಎರಡು ವರ್ಷಕ್ಕೂ ಮೀರಿ ದುಡಿದರು. ಗೋಡೆಗಳದ್ದು ಫ್ರೆಸ್ಕೊ, ಚಾವಣಿಯದ್ದು ಕ್ಯಾನ್ವಾಸ್ ಮೇಲಿನ ತೈಲವರ್ಣ.

ಫ್ರೆಸ್ಕೊ ಅಂದರೆ ಹಸಿ ಸುಣ್ಣದ ಗಾರೆ ಮೇಲೆ ಬಣ್ಣ ಹಚ್ಚುವ ಕೆಲಸ. ಆ ದಿನ ಎಷ್ಟು ಬರೆದು ಮುಗಿಸಬಹುದೋ ಅಷ್ಟೇ ಗಾರೆ ಮೆತ್ತಬೇಕು. ಗಾರೆ ಒಣಗುತ್ತಾ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಆಮೇಲೆ ಒರೆಸುವ ಮಾತಿಲ್ಲ, ತಪ್ಪಿದರೆ ಕೆತ್ತಿ ತೆಗೆಯಬೇಕು. ಮಂಗಳೂರಿನ ಮಳೆ ಗೊತ್ತಲ್ವಾ? ಬಟ್ಟೆ ಒಣಗದ ಈ ಊರಲ್ಲಿ ಕೂತು ಅವರು ಇದನ್ನು ಮಾಡಿದರು ಎಂದು ನೆನೆದಾಗಲೆಲ್ಲ ನನಗೆ ಗೌರವ ಹೆಚ್ಚುತ್ತದೆ.

ಬಹಳ ಜನ ಇದನ್ನು 'ಭಾರತದ ಸಿಸ್ಟೀನ್' ಎಂದು ಕರೆಯುತ್ತಾರೆ. ನನಗೆ ಆ ಹೋಲಿಕೆ ಒಗ್ಗುವುದಿಲ್ಲ. ವ್ಯಾಟಿಕನ್‌ನ ಸಿಸ್ಟೀನ್‌ನಲ್ಲಿ ಮೈಕೆಲ್ಯಾಂಜೆಲೊ ಬರೆದದ್ದು ಪೋಪರ ಸ್ವಂತ ಚಾಪೆಲ್‌ಗೆ. ಮೊಸ್ಕೇನಿ ಬರೆದದ್ದು ಓದಲು ಬಂದ ಹುಡುಗರಿಗೆ. ಅದನ್ನು ಮರೆತರೆ ಇಲ್ಲಿನ ಅರ್ಧ ಚಿತ್ರಗಳು ಬಾಯಿ ಬಿಡುವುದೇ ಇಲ್ಲ. ಹಿಂದಿನ ಗೋಡೆಗೆ ತಿರುಗಿದರೆ ಮಕ್ಕಳ ನಡುವೆ ಯೇಸು. ಪ್ರಾರ್ಥನೆ ಮುಗಿಸಿ ಹೊರಡುವ ಹುಡುಗನ ಕಣ್ಣಿಗೆ ಬೀಳುವುದು ಇದೇ. ಚಾವಣಿಯ ನಡುಸಾಲಿನಲ್ಲಿ, ಕಾಲೇಜಿಗೆ ಹೆಸರಾದ ಸಂತ ಅಲೋಶಿಯಸ್ ಗೊನ್ಝಾಗನ ಬದುಕು. ಅವನೂ ಈ ಹುಡುಗರ ವಯಸ್ಸಿನವನೇ. ದೊಡ್ಡ ಮನೆತನದ ಹಿರಿಮಗ, ಆಸ್ತಿ ಪದವಿ ಎಲ್ಲಾ ತಮ್ಮನಿಗೆ ಬಿಟ್ಟುಕೊಟ್ಟು ಜೆಸ್ವಿಟ್ ಆದ. ರೋಮ್‌ನಲ್ಲಿ ಪ್ಲೇಗ್ ಬಂದಾಗ ರೋಗಿಗಳ ಆರೈಕೆಗೆ ನಿಂತ. ಸೋಂಕು ತಗುಲಿ 1591ರ ಜೂನ್ 21ರಂದು ತೀರಿಕೊಂಡ. ಆಗ ಅವನಿಗೆ 23 ವರ್ಷ.

ನನ್ನ ಜೊತೆ ಅಕ್ಕ ಬಂದಿದ್ದಳು. ನರ್ಸ್ ಆಗಿ ದುಡಿದು ನಿವೃತ್ತಳಾದವಳು, ಕೋವಿಡ್ ವಾರ್ಡ್‌ನಲ್ಲೂ ಡ್ಯೂಟಿ ಮಾಡಿದವಳು. ನಾನು ಕಮಾನುಗಳನ್ನು ನೋಡುತ್ತಾ ಮುಂದೆ ಹೋದೆ. ತಿರುಗಿ ನೋಡಿದರೆ ಅವಳು ಪ್ಲೇಗ್ ರೋಗಿಗಳ ಚಿತ್ರದ ಕೆಳಗೇ ಬೆಂಚಿನಲ್ಲಿ ಕೂತುಬಿಟ್ಟಿದ್ದಾಳೆ.

"ಇಪ್ಪತ್ತಮೂರಕ್ಕೇ ಹೋದನಂತೇನೇ?"

"ಹೌದಕ್ಕಾ."

"ನಮ್ಮ ವಾರ್ಡಿಗೆ ಹೊಸದಾಗಿ ಬಂದ ಹುಡುಗೀರೂ ಅಷ್ಟೇ ವಯಸ್ಸಿನವರು. ಹೆದರಿಕೆ ಇರಲಿಲ್ಲ ಅಂತಲ್ಲ. ಆದರೂ ಒಳಗೆ ಹೋಗ್ತಿದ್ರು."

ಅಷ್ಟು ಹೇಳಿ ಮತ್ತೆ ಮೇಲೆ ನೋಡಿದಳು. ಅವಳು ಚರ್ಚಿಗೆ ಹೋಗುವವಳಲ್ಲ, ಅಲೋಶಿಯಸ್ ಹೆಸರನ್ನು ಕಾಲೇಜಿನ ಬೋರ್ಡಿನಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿದವಳೂ ಅಲ್ಲ. 1563ರಲ್ಲಿ ಟ್ರೆಂಟ್ ಸಭೆಯಲ್ಲಿ ಕ್ಯಾಥೊಲಿಕ್ ಧರ್ಮಗುರುಗಳು ಚಿತ್ರಗಳು ಏಕೆ ಬೇಕು ಎಂಬುದನ್ನು ಸ್ಪಷ್ಟವಾಗಿ ಹೇಳಿದ್ದರು: ಜನ ಸಂತರ ಬದುಕನ್ನು ಕಣ್ಣಾರೆ ಕಂಡು, ತಾವೂ ಹಾಗೆ ನಡೆಯಲಿ ಎಂದು. ಅಕ್ಕನ ವಿಷಯದಲ್ಲಿ ಅದು ತಿರುವುಮುರುವಾಯಿತು. ಹಾಗೆ ನಡೆದವರನ್ನು ಅವಳು ಆಗಲೇ ಕಂಡಿದ್ದಳು. ಚಿತ್ರ ಅವರನ್ನು ಮತ್ತೆ ಕಣ್ಣೆದುರು ತಂದಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯದು. ಕಮಾನುಗಳ ಸುತ್ತ ಹೂಬಳ್ಳಿ, ಪಟ್ಟಿಗಳ ಅಲಂಕಾರ ಇದೆ. ದೂರದಿಂದ ನೋಡಿದರೆ ಗಾರೆಯಲ್ಲಿ ಉಬ್ಬಿಸಿ ಕೆತ್ತಿದ ಹಾಗೇ ಕಾಣುತ್ತದೆ. ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದೆ. ಗೋಡೆ ಚಪ್ಪಟೆ! ಒಂದು ಬದಿಗೆ ತಿಳಿ ಬಣ್ಣ, ಇನ್ನೊಂದು ಬದಿಗೆ ಕಂದು ನೆರಳು, ಅಷ್ಟೇ. ಬರೀ ಬಣ್ಣ ಎಂದು ಗೊತ್ತಾದ ಮೇಲೂ ಎರಡು ಹೆಜ್ಜೆ ಹಿಂದೆ ಸರಿದರೆ ಮತ್ತೆ ಉಬ್ಬಿಯೇ ಕಾಣುತ್ತದೆ. ಇದು ಬರೀ ಕೈಚಳಕ ಅಲ್ಲ ಅನ್ನುವುದು ನನ್ನ ಅನಿಸಿಕೆ. ಜೆಸ್ವಿಟ್ ಸಭೆ ಕಟ್ಟಿದ ಇಗ್ನೇಷಿಯಸ್ ಕಲಿಸಿದ ಧ್ಯಾನದಲ್ಲಿ, ಯೇಸುವಿನ ಕಥೆಯನ್ನು ಸುಮ್ನೆ ಓದಿದರೆ ಸಾಲದು. ಆ ಜಾಗವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು, ಅಲ್ಲೇ ಇದ್ದೇನೆ ಎಂಬಂತೆ ನೋಡಬೇಕು, ಕೇಳಬೇಕು. ಹಾಗೆ ನೋಡಲು ಕಲಿತ ಮನುಷ್ಯ ಬರೆದ ಗೋಡೆ ಇದು.

ಇಳಿಜಾರು ಚಾವಣಿಯ ಮೇಲ್ಭಾಗದಲ್ಲಿ ಅಪೊಸ್ತಲರು, ಅಂದರೆ ಯೇಸುವಿನ ಮೊದಲ ಶಿಷ್ಯರು, ಕೆಳಭಾಗದಲ್ಲಿ ಸಂತರು. ಕ್ರೈಸ್ತರ ಕಥೆ ಗೊತ್ತಿಲ್ಲದವರು ಇಲ್ಲಿ ಸ್ವಲ್ಪ ತಬ್ಬಿಬ್ಬಾಗುತ್ತಾರೆ. ದೇವಸ್ಥಾನದಲ್ಲಿ ಶಂಖ ಚಕ್ರ ಕಂಡರೆ ವಿಷ್ಣು ಅನ್ನುತ್ತೇವಲ್ಲ, ಕ್ಯಾಥೊಲಿಕ್ ಚಿತ್ರಗಳಲ್ಲೂ ಅಂಥ ಗುರುತುಗಳಿವೆ. ಬೀಗದ ಕೈ ಪೇತ್ರನದ್ದು, ಓರೆಯಾಗಿ ಕತ್ತರಿ ಹಾಕಿದಂಥ ಶಿಲುಬೆ ಅಂದ್ರೆಯನದ್ದು. ಇಂಥ ನಾಲ್ಕಾರು ಗುರುತು ತಿಳಿದು ಹೋದರೆ ನೋಡುವ ಸಂತೋಷವೇ ಬೇರೆ.

ಮೊಸ್ಕೇನಿಯ ಕೈಯನ್ನು ಇನ್ನೊಂದು ಕಡೆ ನೋಡಬೇಕೆಂದು ಅಲ್ಲಿಂದ ರೈಲು ಹತ್ತಿ ಕೊಚ್ಚಿಗೆ ಹೋದೆವು. ಫೋರ್ಟ್ ಕೊಚ್ಚಿಯ ದೊಡ್ಡ ಚರ್ಚು ಸಾಂತಾಕ್ರೂಸ್ ಬೆಸಿಲಿಕಾದಲ್ಲೂ ಅವರ ದೊಡ್ಡ ಚಿತ್ರಗಳಿವೆ. ಯೇಸು ಶಿಷ್ಯರ ಜೊತೆ ಮಾಡಿದ ಕಡೆಯ ಭೋಜನದ ಚಿತ್ರಕ್ಕೆ ಲಿಯೊನಾರ್ಡೊ ಡ ವಿಂಚಿಯ ಚಿತ್ರವೇ ಮಾದರಿ. 1905ರ ನವೆಂಬರ್‌ನಲ್ಲಿ ಬೆಸಿಲಿಕಾ ಪ್ರತಿಷ್ಠೆಯಾಗುವ ಸ್ವಲ್ಪ ಮೊದಲೇ ಅವರು ಕೊಚ್ಚಿಯಲ್ಲಿ ತೀರಿಕೊಂಡರು. ಕೆಲಸ ಅಲ್ಲೂ ಚೆನ್ನಾಗಿದೆ. ಆದರೂ ನನ್ನ ಮನಸ್ಸು ಮಂಗಳೂರಿನ ಕಡೆಗೇ. ಕೊಚ್ಚಿಯಲ್ಲಿ ಲಿಯೊನಾರ್ಡೊನನ್ನು ನೆನೆಯದೆ ಆ ಭೋಜನ ನೋಡಲು ನನಗೆ ಆಗಲಿಲ್ಲ. ಬಾವುಟಗುಡ್ಡೆಯಲ್ಲಿ ಆ ತೊಡಕಿಲ್ಲ, ಕೂತ ಜಾಗದಿಂದಲೇ ಚಿತ್ರ ನಮ್ಮ ಜೊತೆ ಮಾತಿಗೆ ಶುರು ಮಾಡುತ್ತದೆ. ಮಂಗಳೂರಿನದ್ದೇ ಆದ ಜೆಪ್ಪುವಿನ ಸೆಮಿನರಿಯಲ್ಲೂ, ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಶಾಲೆಯಲ್ಲೂ, ಮೊಸ್ಕೇನಿಯ ಕೆಲಸ ಇದೆ. ಮುಂದಿನ ಸಲ ಅಕ್ಕನನ್ನು ಅಲ್ಲಿಗೂ ಕರೆದುಕೊಂಡು ಹೋಗಬೇಕು.