ಉದುರಿದ ಕಪ್ಪು ನೂಲಿನ ಅಕ್ಷರಗಳು

ಎಡಿನ್‌ಬರೋದ ಒಂದು ಮನೆ. ಊಟದ ಮೇಜಿನ ಮೇಲೆ ಕಂಬಳಿ, ಅದರ ಮೇಲೆ ಗಂಜಿ ಹೋಗುವಂತೆ ಒಗೆದ ಬಿಳಿ ಹತ್ತಿ ಬಟ್ಟೆ ಹಾಸಿ ಫ್ರೇಮನ್ನು ಬೋರಲು ಮಲಗಿಸಿದಾಗ ಬೆಳಿಗ್ಗೆ ಹತ್ತು ಗಂಟೆ. ಒಳಗಿದ್ದದ್ದು ಸುಮಾರು 16 ಅಂಗುಲ ಉದ್ದ, 12 ಅಂಗುಲ ಅಗಲದ ಲಿನನ್ ಬಟ್ಟೆಯ ಮೇಲೆ ಶಾಲೆಯ ಹುಡುಗಿಯೊಬ್ಬಳು ರೇಷ್ಮೆ ನೂಲಿನಲ್ಲಿ ಹೊಲಿದ ಸ್ಯಾಂಪ್ಲರ್. ಮೇಲೆ ಮೂರು ಸಾಲು ಅಕ್ಷರಮಾಲೆ, ನಡುವೆ ಒಂದು ಮನೆ, ಎರಡು ನವಿಲು, ಕೆಳಗೆ ಜೋಡಿ ಜೋಡಿ ಇನಿಷಿಯಲ್‌ಗಳು. ಹುಡುಗಿಯ ವಯಸ್ಸು 11 ಎಂದಿತ್ತು. ಇಸವಿಯ ಜಾಗದಲ್ಲಿ ಮಾತ್ರ 18 ಎಂಬಷ್ಟೇ ಉಳಿದು, ಮುಂದೆ ಖಾಲಿ. ಮನೆಯವರಿಗೆ ಬೇಕಾಗಿದ್ದದ್ದು ಎರಡು: ಬಟ್ಟೆ ಉಳಿಯಬೇಕು, ಈ ಹುಡುಗಿ ತಮ್ಮ ವಂಶದಲ್ಲಿ ಯಾರೆಂದು ತಿಳಿಯಬೇಕು.

ಹಾಸಿಗೆ ಬಟ್ಟೆ, ಟವೆಲುಗಳ ಮೂಲೆಯಲ್ಲಿ ಗುರುತಿನ ಅಕ್ಷರ ಹೊಲಿಯುವುದು ಅಲ್ಲಿನ ಹೆಣ್ಣುಮಕ್ಕಳು ಕಲಿಯಲೇಬೇಕಾಗಿದ್ದ ಕೆಲಸ. ಸ್ಯಾಂಪ್ಲರ್ ಅದರ ಅಭ್ಯಾಸದ ಹಾಳೆ. ಆದರೆ ಮನೆಯ ಸುದ್ದಿ ಅದರೊಳಗೆ ಬಹಳ ಹಿಂದೆಯೇ ಸೇರಿತ್ತು. ಇಸವಿ ನಮೂದಾಗಿರುವ ಬ್ರಿಟಿಷ್ ಸ್ಯಾಂಪ್ಲರ್‌ಗಳಲ್ಲೇ ಅತಿ ಹಳೆಯದು, 1598ರಲ್ಲಿ ಜೇನ್ ಬಾಸ್ಟಾಕ್ ಹೊಲಿದದ್ದು, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಆಲಿಸ್ ಲೀ ಎಂಬ ಮಗು 1596ರ ನವೆಂಬರ್ 23ರ ಮಧ್ಯಾಹ್ನ ಹುಟ್ಟಿತೆಂಬ ಮಾತು ಹೊಲಿಗೆಯಲ್ಲೇ ಇದೆ.

ಮೊದಲು ಫೋಟೊ, ಆಮೇಲೆ ಇಕ್ಕಳ. ಹಿಂಬದಿಯ ಕಂದು ಕಾಗದವನ್ನು ಅಂಚಿನಗುಂಟ ಕೊಯ್ದರೆ ಪೈನ್ ಹಲಗೆ, ಅದನ್ನು ಹಿಡಿದ ಕಬ್ಬಿಣದ ಮೊಳೆಗಳು. ಇಕ್ಕಳದ ಕೆಳಗೆ ದಪ್ಪ ರಟ್ಟಿನ ತುಂಡಿಟ್ಟು ಒಂದೊಂದನ್ನೇ ನೇರವಾಗಿ ಎಳೆಯಬೇಕು. ಅಡ್ಡ ಮೀಟಿದರೆ ಎದುರಿನ ಗಾಜು ಬಿರಿಯುತ್ತದೆ. ಹಲಗೆ ಎತ್ತಿದಾಗ ಲಿನನ್ನಿನ ಬೆನ್ನಿನಲ್ಲಿ ಹಲಗೆಯ ಗೆರೆಗಳೇ ಕಂದು ಬಣ್ಣದಲ್ಲಿ ಅಚ್ಚೊತ್ತಿದ್ದವು, ಮರದ ಗಂಟು ಇದ್ದಲ್ಲಿ ಇನ್ನೂ ಗಾಢವಾಗಿ. ಪೈನ್ ಮರದ ಆಮ್ಲ ಎಷ್ಟೋ ವರ್ಷ ನಿಧಾನವಾಗಿ ಬಟ್ಟೆಯನ್ನು ಸುಡುವುದೇ ಹೀಗೆ. ಅಂಚಿನ ಸಣ್ಣ ಮೊಳೆಗಳು ತುಕ್ಕು ಹಿಡಿದು ಎಳೆಗಳಿಗೆ ಅಂಟಿದ್ದವು. ಅಂಥವನ್ನು ಎಳೆಯಬಾರದು. ತಲೆಯನ್ನು ಕತ್ತರಿಸಿ, ಬಟ್ಟೆಯನ್ನೇ ಮೇಲಕ್ಕೆ ಬಿಡಿಸಿಕೊಳ್ಳಬೇಕು. ನಾಲ್ಕು ಮೊಳೆಗೆ ಒಂದು ಗಂಟೆ ಹಿಡಿಯಿತು.

ಬಟ್ಟೆ ತಿರುಗಿಸಿದ ಕ್ಷಣ ಮನೆಯವರು ಮಾತು ನಿಲ್ಲಿಸಿದರು. ಎದುರಿಗೆ ಮಂಕು ನೀಲಿಯಾಗಿದ್ದ ಎಲೆಗಳು ಹಿಂದೆ ಹಚ್ಚ ಹಸಿರು. ಹಸಿರು ಎಂದರೆ ಆಗ ಹಳದಿ ಬಣ್ಣ ಮತ್ತು ಇಂಡಿಗೊ, ಒಂದರ ಮೇಲೊಂದು. ಬೆಳಕಿಗೆ ಹಳದಿ ಬೇಗ ಸೋಲುತ್ತದೆ, ನೀಲಿ ನಿಲ್ಲುತ್ತದೆ. ಗೋಡೆಗೆ ಮುಖ ಮಾಡಿದ ಬೆನ್ನಿನಲ್ಲಿ ಎರಡೂ ಉಳಿದಿದ್ದವು. ಹೊಲಿಗೆ ನಮ್ಮ ಕಸೂತಿಯ ಮೆಂತಿ, ಅಂದರೆ ಕ್ರಾಸ್ ಸ್ಟಿಚ್, ಎರಡೆರಡು ಎಳೆ ಎಣಿಸಿ ಹಾಕಿದ್ದು. ಗವಂತಿಯ ಹಾಗೆ ಎರಡೂ ಬದಿ ಒಂದೇ ಆಗಿ ಕಾಣುವ ಕೆಲಸವಲ್ಲ, ಹಿಂದೆ ನೂಲು ಒಂದು ಅಕ್ಷರದಿಂದ ಇನ್ನೊಂದಕ್ಕೆ ಹಾರಿದೆ. ಆ ಹಾರಿದ ನೂಲನ್ನು ಹಿಡಿದು ಹೋದರೆ ಯಾವ ಅಕ್ಷರದ ನಂತರ ಯಾವುದನ್ನು ಹೊಲಿದಳು ಎಂಬುದೂ ಸಿಗುತ್ತದೆ.

ಕಷ್ಟ ಇದ್ದದ್ದು ಕಪ್ಪಿನಲ್ಲಿ. ಸ್ಕಾಟ್ಲೆಂಡಿನ ಎಷ್ಟೋ ಸ್ಯಾಂಪ್ಲರ್‌ಗಳಲ್ಲಿ ಬದುಕಿರುವವರ ಇನಿಷಿಯಲ್ ಬಣ್ಣದ ನೂಲಿನಲ್ಲಿ, ತೀರಿಹೋದವರದು ಕಪ್ಪಿನಲ್ಲಿ. ಕಪ್ಪು ಬಣ್ಣವಾದರೋ ಟ್ಯಾನಿನ್‌ಗೆ ಕಬ್ಬಿಣದ ಉಪ್ಪು ಕೂಡಿಸಿ ಮಾಡಿದ್ದು, ನಮ್ಮಲ್ಲಿ ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದಂತೆ. ಆ ಕಬ್ಬಿಣವೇ ರೇಷ್ಮೆಯನ್ನು ಒಳಗಿನಿಂದ ತಿಂದು ಪುಡಿ ಮಾಡುತ್ತದೆ. ಹಾಗಾಗಿ ಸತ್ತವರ ಅಕ್ಷರಗಳೇ ಮೊದಲು ಉದುರುತ್ತವೆ. ಇಲ್ಲಿಯೂ ಎರಡು ಜಾಗ ಖಾಲಿ, ಸೂಜಿಯ ತೂತುಗಳಷ್ಟೇ ಉಳಿದಿದ್ದವು.

ಎಲ್‌ಇಡಿ ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಹಾಯಿಸಿದರೆ ಆ ತೂತುಗಳು ನೇಯ್ಗೆಯ ಸಂದಿಗಿಂತ ದೊಡ್ಡದಾಗಿ ಕಾಣುತ್ತವೆ. ಒಂದೊಂದನ್ನೂ ಗ್ರಾಫ್ ಹಾಳೆಯ ಮೇಲೆ ಚುಕ್ಕಿಯಾಗಿ ಗುರುತು ಹಾಕಿದೆವು. ಚುಕ್ಕಿ ಇಟ್ಟು ಎಳೆ ಎಳೆಯದೆ ಬಿಟ್ಟ ರಂಗೋಲಿಯಂತಿತ್ತು ಹಾಳೆ. ನಾಲ್ಕು ನಾಲ್ಕು ಚುಕ್ಕಿಗೆ ಒಂದೊಂದು ಕ್ರಾಸ್ ಎಳೆಯುತ್ತ ಹೋದಂತೆ ಎರಡೂ ಜಾಗದಲ್ಲಿ ಡಬ್ಲ್ಯು.ಎಂ. ಮೂಡಿತು. ಇಸವಿಯ ಖಾಲಿ ಜಾಗದಲ್ಲೂ ಇದೇ ರೀತಿಯಲ್ಲಿ 28 ಸಿಕ್ಕಿತು. ಆದರೆ ಅಲ್ಲಿನ ನೂಲು ಉದುರಿದ್ದಲ್ಲ, ಯಾರೋ ಬಿಚ್ಚಿದ್ದು: ಹಿಂಬದಿಯಲ್ಲಿ ಕತ್ತರಿಸಿದ ಕೆಂಪು ತುದಿಗಳು ಹಾಗೇ ಇದ್ದವು. ವಯಸ್ಸು ಮುಚ್ಚಿಡಲು ಹೆಂಗಸರು ಮುಂದೆ ಇಸವಿಯ ಅಂಕಿ ಬಿಚ್ಚಿಹಾಕಿದ ಸ್ಯಾಂಪ್ಲರ್‌ಗಳು ಬೇಕಾದಷ್ಟಿವೆ.

ಮಧ್ಯಾಹ್ನ ದಾಖಲೆಗಳ ಸರದಿ. ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ಜನನ ಮರಣ ನೋಂದಣಿ ಶುರುವಾದದ್ದು 1855ರಲ್ಲಿ. ಅದಕ್ಕೂ ಹಿಂದಿನದು ಚರ್ಚಿನ ಹಳೆಯ ಪ್ಯಾರಿಷ್ ರಿಜಿಸ್ಟರುಗಳಲ್ಲಿ. ಸ್ಕಾಟ್‌ಲ್ಯಾಂಡ್ಸ್ ಪೀಪಲ್ ಜಾಲತಾಣದಲ್ಲಿ ಹಣ ಕೊಟ್ಟು ಅವುಗಳ ಪುಟ ನೋಡಬಹುದು. ಮೇಲಿನ ಸಾಲಿನ ದೊಡ್ಡ ಅಕ್ಷರಗಳು ಐ.ಎಂ., ಸಿ.ಆರ್. ಮನೆಯವರು ಸಿ.ಆರ್. ಅನ್ನು ಶಾಲೆಯ ಟೀಚರ್ ಎಂದುಕೊಂಡಿದ್ದರು. ಅಲ್ಲ, ಅದು ತಾಯಿ: ಸ್ಕಾಟಿಷ್ ಹೆಂಗಸರು ಮದುವೆಯಾದ ಮೇಲೂ ತವರಿನ ಹೆಸರನ್ನು ಬಿಡುತ್ತಿರಲಿಲ್ಲ. ತಂದೆಯ ಐ ಅಕ್ಷರದಿಂದ ಹುಡುಕಿದಾಗ ಏನೂ ಬರಲಿಲ್ಲ. ಅದೇ ಬಟ್ಟೆಯ ಅಕ್ಷರಮಾಲೆ ನೋಡಿದರೆ ಜೆ ಎಂಬ ಅಕ್ಷರವೇ ಇಲ್ಲ, ಎರಡಕ್ಕೂ ಐ ಒಂದೇ. ಇನಿಷಿಯಲ್ ಓದುವ ಮುನ್ನ ಆ ಬಟ್ಟೆಯ ಅಕ್ಷರಮಾಲೆಯನ್ನು ನೋಡಲೇಬೇಕು. ಐ ಬದಲು ಜಾನ್ ಎಂದು ಹಾಕಿದ ಕೂಡಲೇ ದಂಪತಿ ಸಿಕ್ಕರು, 1817ರಲ್ಲಿ ಹುಡುಗಿಯ ಬ್ಯಾಪ್ಟಿಸಮ್ಮೂ ಸಿಕ್ಕಿತು.

ಎರಡು ಡಬ್ಲ್ಯು.ಎಂ. ಯಾರು? ಒಂದು ಅಜ್ಜ ಅಜ್ಜಿಯರ ಸಾಲಿನಲ್ಲಿ, ತಂದೆಯ ತಂದೆ. ಇನ್ನೊಂದು ಮಕ್ಕಳ ಸಾಲಿನ ಮೊದಲಿಗೆ. ಅದೇ ಸಾಲಿನ ಕೊನೆಗೆ ನೀಲಿ ನೂಲಿನಲ್ಲಿ ಮತ್ತೊಂದು ಡಬ್ಲ್ಯು.ಎಂ. ಇದೆ. ನಮ್ಮಂತೆಯೇ ಅಲ್ಲಿಯೂ ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರಿಡುವ ರೂಢಿ. ಆ ಮಗು ಹೋದರೆ ಮುಂದೆ ಹುಟ್ಟಿದ ಗಂಡು ಮಗುವಿಗೆ ಅದೇ ಹೆಸರು ಇಡುತ್ತಿದ್ದರು. ರಿಜಿಸ್ಟರಿನಲ್ಲಿ ಒಂದೇ ತಂದೆ ತಾಯಿಗೆ ವಿಲಿಯಂ ಎಂಬ ಬ್ಯಾಪ್ಟಿಸಮ್ ಎರಡು ಸಲ ಇದೆ. ಮೊದಲನೆಯವನ ಸಾವು ಎಲ್ಲಿಯೂ ಬರೆದಿಲ್ಲ. ಆ ಕಾಲದ ಹೂಳುವಿಕೆಯ ದಾಖಲೆಗಳು ಅಲ್ಲಿ ಅಷ್ಟು ಅಪೂರ್ಣ. ಆ ಮಗು ತೀರಿಕೊಂಡಿತ್ತು ಎಂದು ಹೇಳುವುದು ಅಕ್ಕನೋ ತಂಗಿಯೋ ಹಾಕಿದ, ಈಗ ಉದುರಿಹೋದ ಆ ಕಪ್ಪು ಹೊಲಿಗೆ ಒಂದೇ.

ತೂತುಗಳಿಗೆ ಹೊಸ ಕಪ್ಪು ನೂಲು ತುಂಬಿಸಬಹುದೇ ಎಂದು ಮನೆಯ ಹಿರಿಯರು ಕೇಳಿದರು. ಬೇಡವೆಂದೆವು. ಹೊಸ ಸೂಜಿ ತೂತನ್ನು ಹಿಗ್ಗಿಸಿ ಎಳೆ ಹರಿಯುತ್ತದೆ, ಇರುವ ಒಂದೇ ಸಾಕ್ಷಿ ಕೆಡುತ್ತದೆ. ಒಗೆಯುವುದೂ ಬೇಡ, ಕೆಂಪು ನೀರಿಗೆ ಬಿಟ್ಟರೆ ಮತ್ತೆ ದಾರಿಯಿಲ್ಲ. ಸಣ್ಣ ಜಾಲರಿ ಮುಚ್ಚಿ ತೀರಾ ಕಡಿಮೆ ಎಳೆತದಲ್ಲಿ ವ್ಯಾಕ್ಯೂಮ್ ಮಾಡಿದ್ದಷ್ಟೇ ಶುಚಿ. ಆಮ್ಲವಿಲ್ಲದ ರಟ್ಟಿಗೆ ಹತ್ತಿ ಬಟ್ಟೆ ಸುತ್ತಿ, ಸ್ಯಾಂಪ್ಲರಿನ ಅಂಚನ್ನು ಎಳೆಗೆ ಚುಚ್ಚದೆ ಸಂದಿಯಲ್ಲೇ ಸೂಜಿ ಹಾಯಿಸಿ ಅದಕ್ಕೆ ಹೊಲಿದು, ಗಾಜಿಗೆ 6 ಮಿ.ಮೀ. ಅಂತರ ಬಿಟ್ಟು ಫ್ರೇಮ್ ಮುಚ್ಚಿದಾಗ ಕತ್ತಲಾಗಿತ್ತು. ಹಸಿರು ಎಲೆಗಳ ಬೆನ್ನಿನ ಫೋಟೊ, ಚುಕ್ಕಿಯ ಗ್ರಾಫ್ ಹಾಳೆ ಎರಡನ್ನೂ ಲಕೋಟೆಯಲ್ಲಿಟ್ಟು ಫ್ರೇಮಿನ ಹಿಂಬದಿಗೆ ಕಟ್ಟಿದೆವು.